ಗುಡ್ಡದ ಕಲ್ಲು, ರೈಲಿನ ಹಳಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ. ಗಾಡಿಗಳು ನಿಧಾನ. "ಎಂಥ ರೈಲು ಮಾರಾಯ್ರೇ" ಅಂತ ಗೊಣಗುತ್ತೇವೆ, ಅಲ್ವಾ? ಆದರೆ ಈ ನಿಧಾನಕ್ಕೆ ಕಾರಣ ಇದೆ: ಗುಡ್ಡದಿಂದ ಹಳಿಗೆ ಬೀಳುವ ಕಲ್ಲು. 2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಗುಡ್ಡದಿಂದ ಬಿದ್ದ ಬಂಡೆಗಳಿಗೆ ಗುದ್ದಿತು. ಸತ್ತವರು 50ಕ್ಕೂ ಹೆಚ್ಚು. ಮರುವರ್ಷದ ಜೂನ್‌ನಲ್ಲಿ ಮಂಗಳೂರಿನಿಂದ ಹೋಗುತ್ತಿದ್ದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ಗೂ ಬಂಡೆಯೇ ಅಡ್ಡ ಬಂತು.

ನಮ್ಮ ಕರಾವಳಿಯಲ್ಲಿ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಅಡಿಗೆ ಶೇಡಿ ಮಣ್ಣು ಎಂಬ ಮೆದು ಜೇಡಿ ಸಿಗುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಕೆಸರು. ಮಣ್ಣು ತೊಳೆದುಹೋದರೆ ಅದರಲ್ಲಿ ಹುದುಗಿದ್ದ ಬಂಡೆಗೆ ಆಸರೆ ಎಲ್ಲಿ?

ಹಳಿಯ ಪಕ್ಕ ಗುಡ್ಡಕ್ಕೆ ಹೊದಿಸಿದ ತಂತಿ ಬಲೆ ನೋಡಿರುತ್ತೀರಿ. ತುದಿಯಲ್ಲಿ ಬಂಡೆ ಕೊರೆದು, ಕಂಬಿ ಹೂತು, ಬಲೆಯನ್ನು ಪರದೆಯ ಹಾಗೆ ಇಳಿಬಿಡುತ್ತಾರೆ. ಅದು ಕಲ್ಲನ್ನು ಮೇಲೆಯೇ ಹಿಡಿದು ನಿಲ್ಲಿಸುವುದಿಲ್ಲ. ಕಳಚಿದ ಕಲ್ಲು ಹಳಿಗೆ ಹಾರದಂತೆ, ಗುಡ್ಡಕ್ಕೂ ಬಲೆಗೂ ನಡುವೆ ಜಾರಿ ಬುಡಕ್ಕೆ ಇಳಿಯುವಂತೆ ಮಾಡುತ್ತದೆ, ಅಷ್ಟೇ. ಬುಡದಲ್ಲಿ ತುಂಬಿದ ಕಲ್ಲು ಎತ್ತದಿದ್ದರೆ ಭಾರಕ್ಕೆ ಬಲೆಯೇ ಹರಿಯುತ್ತದೆ.

ಇಡೀ ಗುಡ್ಡವೇ ಜರಿದರೆ ಈ ಬಲೆ ಏನೂ ಮಾಡಲಾರದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಜರಿದದ್ದು ಅಂಥ ಗುಡ್ಡ. ಅಲ್ಲಿ ಬೇಕಾಗುವುದು ಬೇರೆ ಕೆಲಸ: ಇಳಿಜಾರನ್ನು ಮೆಟ್ಟಿಲಾಗಿ ಕಡಿಯಬೇಕು, ತಲೆಯ ಮೇಲೆ ಚರಂಡಿ ತೋಡಿ ನೀರನ್ನು ಪಕ್ಕಕ್ಕೆ ಬಿಡಬೇಕು, ಒಳಗಿನ ನೀರು ಹೊರಬರಲು ಕೊಳವೆ ಇಡಬೇಕು. ಇದಕ್ಕೆಲ್ಲ ಜಾಗ ಜಾಸ್ತಿ ಬೇಕು. ಜಾಗ ಉಳಿಸಲು ಗುಡ್ಡವನ್ನು ನೆಟ್ಟಗೆ ಕಡಿದು, ಆಮೇಲೆ ಸುಮ್ನೆ ಬಲೆ ಹೊದಿಸುವುದು ನನಗಂತೂ ಉಲ್ಟಾ ಕೆಲಸ ಅನಿಸುತ್ತದೆ.

ಮಳೆಯ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುವ ಗಸ್ತಿನವರು ಈಗಲೂ ಇದ್ದಾರೆ. ಅವರ ಚೀಲದಲ್ಲಿ ಡೆಟೊನೇಟರ್, ಅಂದರೆ ಸದ್ದು ಮಾಡಿ ಎಚ್ಚರಿಸುವ ಪಟಾಕಿಯಂಥದ್ದು, ಇರುತ್ತದೆ. ಕಲ್ಲು ಬಿದ್ದದ್ದು ಕಂಡರೆ, ಗಾಡಿ ಬರುವ ದಿಕ್ಕಿಗೆ ಓಡಿ ಅದನ್ನು ಹಳಿಗೆ ಕಟ್ಟುತ್ತಾರೆ. ಎಂಜಿನ್ನಿನ ಚಕ್ರ ಹತ್ತಿದೊಡನೆ ಅದು ಸಿಡಿಯುತ್ತದೆ, ಚಾಲಕ ಬ್ರೇಕ್ ಹಾಕುತ್ತಾನೆ.

ಹಳಿ ಪಕ್ಕದ ಊರಿನವರಿಗೆ ಒಂದು ಮಾತು. ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ಕಂಡರೆ ಹತ್ತಿರದ ಸ್ಟೇಷನ್ ಮಾಸ್ಟರಿಗೆ ತಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ.

ನಮಸ್ಕಾರ.