ಬೂದ್ಯಾನ ಬೇಸಿಗೆ

ಈ ಕಡಪ ಕಲ್ಲಿನ ಮೇಲೆ ಬೂದು ಬಣ್ಣದ ದಿಂಬು ಬಿದ್ದಿದೆ, ಕಾಣ್ತಿದೆಯಾ? ಅದು ದಿಂಬಲ್ಲ. ನಮ್ಮ ಬೂದ್ಯಾ. ಬ್ರಿಟಿಷ್ ಶಾರ್ಟ್‌ಹೇರ್ ಜಾತಿಯ ಗಂಡು ಬೆಕ್ಕು. ವಯಸ್ಸು 2 ವರ್ಷ, ತೂಕ ಐದೂವರೆ ಕೆ.ಜಿ. ಈ ಬಣ್ಣಕ್ಕೆ ಬೆಕ್ಕು ಸಾಕುವವರು ‘ಬ್ಲೂ’ ಅನ್ನುತ್ತಾರೆ. ಮೊದಲ ದಿನ ಅವ್ವ ಕನ್ನಡಕ ಏರಿಸಿಕೊಂಡು ನೋಡಿ, "ಯಾವ ಬ್ಲೂನೋ, ಒಲೆ ಬೂದಿ ಬಣ್ಣ ಅಲ್ಲೇನೋ ಇದು" ಅಂದಳು. ಹೆಸರು ಅಲ್ಲೇ ನಿಂತಿತು.

ನಿಜ ಹೇಳ್ತೀನಿ, ನಾನು ಮೊದಲು ಮರುಳಾಗಿದ್ದು ಎಕ್ಸಾಟಿಕ್ ಶಾರ್ಟ್‌ಹೇರ್‌ಗೆ. ಪರ್ಷಿಯನ್ನನ್ನೂ ಅಮೆರಿಕನ್ ಶಾರ್ಟ್‌ಹೇರನ್ನೂ ಕೂಡಿಸಿ ಅಮೆರಿಕದವರು ಮಾಡಿದ ತಳಿ. ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಮುಖ. ಫೋಟೋದಲ್ಲಿ ಮುದ್ದೋ ಮುದ್ದು. ಒಬ್ಬರ ಮನೆಗೆ ಹೋಗಿ ನೋಡಿದೆ. ಫ್ಯಾನ್ ಕೆಳಗೇ ಮಲಗಿತ್ತು, ಆದರೂ ಗೊರಗೊರ ಉಸಿರು ಬಾಗಿಲ ತನಕ ಕೇಳುತ್ತಿತ್ತು. ಕಣ್ಣಿನ ಮೂಲೆಯಿಂದ ಮೂಗಿನವರೆಗೂ ಕಂದು ಕಲೆ. ಮುಖ ಗಿಡ್ಡವಾದರೆ ಕಣ್ಣೀರು ಇಳಿಯುವ ದಾರಿಯೂ ಸೊಟ್ಟಗಾಗುತ್ತದೆ, ನೀರು ಹೊರಗೇ ಹರಿಯುತ್ತದೆ. ದಾವಣಗೆರೆ ಏಪ್ರಿಲ್ ಬಿಸಿಲು ನೆನಪಾಯಿತು. ಬೇಡಪ್ಪಾ ಅಂತ ಎದ್ದು ಬಂದೆ.

ಆಮೇಲೆ ಬೂದ್ಯಾನ ಈ ಜಾತಿ ಹುಡುಕಿದೆ. ಮುಖ ದುಂಡಗಿದ್ದರೂ ಮೂಗು ಮೂಗಿನ ಹಾಗೇ ಇದೆ ನೋಡಿ. ಮೊದಲು ಸಿಕ್ಕವನು 40 ದಿನದ ಮರಿ ತೋರಿಸಿ "ಪೇಪರ್ ಇದೆ ಸಾರ್" ಅಂದ. ಪೇಪರ್ ಅಂದ್ರೆ ಮರಿಯ ವಂಶದ ದಾಖಲೆ. ಕೇಳಿದರೆ ಕೊಟ್ಟಿದ್ದು ಅಂಗಡಿ ಬಿಲ್ಲು! ತಾಯಿ ಬೆಕ್ಕನ್ನು ತೋರಿಸದವರ ಹತ್ತಿರ ಮರಿ ತರಲೇಬೇಡಿ. ಈ ತಳಿಯಲ್ಲಿ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಬರುತ್ತದೆ, ತಂದೆ ತಾಯಿಗೆ ಸ್ಕ್ಯಾನ್ ಮಾಡಿಸಿದ್ದೀರಾ ಅಂತಲೂ ಕೇಳಿ. ಬೂದ್ಯಾ ಬಂದಾಗ ಅವನಿಗೆ ಮೂರು ತಿಂಗಳು, ಅಮ್ಮನ ಹತ್ತಿರ ಮಣ್ಣು ಕೆದರಿ ಮುಚ್ಚೋದು ಕಲಿತಿದ್ದ.

ಶಾರ್ಟ್‌ಹೇರ್ ಅಂದ್ರೆ ಕೂದಲು ಉದುರಲ್ಲ ಅಂದುಕೊಂಡಿದ್ದೆ. ನನ್ನ ಕಪ್ಪು ಪ್ಯಾಂಟ್ ನೋಡಿ, ಗೊತ್ತಾಗುತ್ತೆ. ಕೂದಲು ಗಿಡ್ಡ, ಆದರೆ ತುಂಬಾ ಒತ್ತೊತ್ತು. ವಾರಕ್ಕೆ ಎರಡು ಸಲ ಬಾಚುತ್ತೇನೆ. ಸೆಖೆ ಅಂತ ಬೋಳಿಸಬೇಡಿ, ಚರ್ಮಕ್ಕೆ ನೇರ ಬಿಸಿಲು ಬೀಳುತ್ತೆ. ನಾಯಿ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಮಾತ್ರ ಕಾಯಬೇಡಿ, ಡಾಕ್ಟರ್ ಹತ್ತಿರ ಓಡಿ. ಬೆಕ್ಕಿಗೆ ಅದು ಮಾಮೂಲಲ್ಲ.

ಇನ್ನು ಊಟ. ನಮ್ಮದು ಮೊಟ್ಟೆಯೂ ಬಾರದ ಮನೆ. ಅವ್ವನ ಲೆಕ್ಕದಲ್ಲಿ ಬೆಕ್ಕು ಅಂದ್ರೆ ಹಾಲನ್ನ. ಬಂದ ವಾರವೇ ನಾನಿಲ್ಲದಾಗ ಒಂದು ಬಟ್ಟಲು ಕೊಟ್ಟಳು. ಎರಡು ದಿನ ಭೇದಿ. ಮರಿ ದೊಡ್ಡದಾಗ್ತಾ ಹಾಲು ಅರಗಿಸುವ ಶಕ್ತಿ ಕಮ್ಮಿಯಾಗುತ್ತದಂತೆ. ಡಾಕ್ಟರ್ ಇನ್ನೊಂದು ಮಾತು ಹೇಳಿದರು: ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು, ಅದರ ಮೈ ಅದನ್ನು ಸಾಕಷ್ಟು ತಯಾರಿಸಲ್ಲ, ಅದು ಇರೋದು ಮಾಂಸದಲ್ಲಿ. ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಹಾಳು. ಮನೆಯಲ್ಲಿ ಒಂದು ಸಂಜೆ ಪೂರ್ತಿ ಇದೇ ಜಗಳ. ಕೊನೆಗೆ ರಾಜಿಯಾಯಿತು: ಮೀನಿನ ಪ್ಯಾಕೆಟ್ ಹಿತ್ತಲ ಕಟ್ಟೆಯಲ್ಲೇ ಇರಬೇಕು, ತಟ್ಟೆ ಅಲ್ಲೇ ತೊಳೀಬೇಕು, ಅಡುಗೆಮನೆ ಹೊಸ್ತಿಲು ದಾಟಬಾರದು.

ಎತ್ತಿಕೊಂಡರೆ ಇವನಿಗೆ ಆಗಲ್ಲ. ತೊಡೆ ಮೇಲೂ ಕೂರಲ್ಲ. ಒಂದು ಮೊಳ ದೂರದಲ್ಲಿ ಬಂದು ಕೂತಿರ್ತಾನೆ, ಅಷ್ಟೇ. ಈ ಜಾತಿಯ ಗುಣವೇ ಅದು. ನನಗೇನೋ ಅದೇ ಇಷ್ಟ.

ಅಯ್ಯೋ, ಕರೆಂಟ್ ಹೋಯ್ತು. ನೋಡಿ, ಬೂದ್ಯಾ ಕಣ್ಣು ತೆರೆಯದೇ ಮಗ್ಗುಲು ಬದಲಿಸಿದ, ಕಲ್ಲಿನ ತಣ್ಣಗಿರುವ ಕಡೆಗೆ. ಅಲ್ಲಿ ಹಿತ್ತಲಲ್ಲಿ ಸದ್ದು ಕೇಳ್ತಿದೆಯಾ? ಅವ್ವ. ಮೂಗಿಗೆ ಸೆರಗು ಹಿಡಿದುಕೊಂಡು ಪ್ಯಾಕೆಟ್ ಅಲ್ಲಾಡಿಸ್ತಿದ್ದಾಳೆ.