ಕೇಪ್ ಟೌನ್ ಬೆಟ್ಟದ ಮೇಲಿನ ಹಳೆ ಖಬರಸ್ತಾನ: ತಾನಾ ಬಾರು

ಇದು ಬೋ-ಕಾಪ್, ಕೇಪ್ ಟೌನಿನ ಹಳೆ ಮುಸ್ಲಿಂ ಬಡಾವಣೆ. ಬಣ್ಣದ ಮನೆಗಳನ್ನು ಎಲ್ಲರೂ ತೋರಿಸುತ್ತಾರೆ, ನಾನು ಇವತ್ತು ಅದನ್ನೂ ದಾಟಿ ಮೇಲೆ ಹೋಗುತ್ತಿದ್ದೇನೆ. ಉಸಿರು ಜಾಸ್ತಿ ಕೇಳಿಸುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಟ್ಯಾಕ್ಸಿಯವರು ಏರು ನೋಡಿ ಕೆಳಗಿನ ತಿರುವಿನಲ್ಲೇ ಇಳಿಸಿದರು. ಬಾಡಿಗೆ ಮಾತ್ರ ಪೂರ್ತಿ, 65 ರ‍್ಯಾಂಡ್, ನಮ್ಮ ಮುನ್ನೂರು ರೂಪಾಯಿ ಹತ್ತಿರ! ಮೇಲಿನ ತನಕ ಅಂತ ಮೊದಲೇ ಮಾತಾಗಿತ್ತು, ಮ್ಯಾಪ್ ತೋರಿಸಿದ್ದೆ, ಅವರೂ ಸರಿ ಅಂದಿದ್ದರು, ಆಮೇಲೆ ಸುಮ್ನೆ ಗಾಡಿ ನಿಲ್ಲಿಸಿ ಬಾಗಿಲು ತೆಗೆದುಬಿಟ್ಟರು. ಅರ್ಧ ದಾರಿಯವರೆಗೂ ನನಗೆ ಅದೇ ಕೋಪ.

ಹಾಂ, ಬಂತು. ತಾನಾ ಬಾರು ಅಂದರೆ ಮಲಯ್ ಭಾಷೆಯಲ್ಲಿ ಹೊಸ ನೆಲ. ಇಲ್ಲಿನ ಮುಸ್ಲಿಮರಿಗೆ 1805ರಲ್ಲಿ ಸಿಕ್ಕ ಜಾಗ. ಈ ಸಮಾಧಿ ತುವಾನ್ ಗುರು ಅವರದು. ಇಂಡೋನೇಷ್ಯಾದ ತಿದೋರೆ ದ್ವೀಪದವರು. ಆಗ ಇಲ್ಲಿ ಆಳುತ್ತಿದ್ದ ಡಚ್ಚರು 1780ರಲ್ಲಿ ಕೈದಿಯಾಗಿ ತಂದು ಹತ್ತಿರದ ರಾಬೆನ್ ದ್ವೀಪದಲ್ಲಿ ಇಟ್ಟರು. ಸೆರೆಯಲ್ಲೇ ಇಡೀ ಕುರಾನನ್ನು ನೆನಪಿನಿಂದ ಬರೆದರು ಎನ್ನುತ್ತಾರೆ. ಹೊರಗೆ ಬಂದು ಮದರಸಾ ತೆರೆದರು, ಗುಲಾಮರಿಗೂ ಪಾಠ ಹೇಳಿದರು. ಆ ಗುಲಾಮರಲ್ಲಿ ಬಂಗಾಳ, ಮಲಬಾರ್ ಕಡೆಯಿಂದ ಹಡಗು ಹತ್ತಿಸಿ ತಂದವರೂ ಎಷ್ಟೋ ಜನ ಇದ್ದರು. ಊರ ಹೆಸರೂ ಉಳಿಯದೆ ಇಲ್ಲೇ ಮಣ್ಣಾದವರು, ನೆನೆದರೆ ಸಂಕಟವಾಗುತ್ತದೆ.

ಅಯ್ಯೋ! ಕ್ಯಾಮೆರಾ ಅಲುಗಾಡಿತಲ್ಲಾ, ಅದು ಮಧ್ಯಾಹ್ನದ ತೋಪು. ಭಾನುವಾರ ಬಿಟ್ಟು ದಿನಾ 12 ಗಂಟೆಗೆ ಈ ಸಿಗ್ನಲ್ ಹಿಲ್ ಮೇಲೆ ಹಾರಿಸುತ್ತಾರೆ. ಎದೆ ಇನ್ನೂ ಡವಡವ ಅನ್ನುತ್ತಿದೆ. ಎಲ್ಲಿದ್ದೆ?

ಹಾಂ, 1882ರಲ್ಲಿ ಸಿಡುಬು ಬಂತು. ಮರುವರ್ಷ ಆರೋಗ್ಯ ಕಾಯ್ದೆ ಬಂತು. ಅದರ ಪ್ರಕಾರ ಊರೊಳಗಿನ ಸ್ಮಶಾನಗಳನ್ನು ಮುಚ್ಚಬೇಕು. ಇದನ್ನು 1886ರ ಜನವರಿ 15ಕ್ಕೆ ಮುಚ್ಚಿದರು. ರೋಗದ ಭಯ ನಿಜವೇ, ಆ ಮಾತು ಒಪ್ಪುತ್ತೇನೆ. ಆದರೆ ಇಲ್ಲಿನ ಮುಸ್ಲಿಮರದು ಜನಾಜಾವನ್ನು, ಅಂದರೆ ಶವವನ್ನು, ಹೆಗಲ ಮೇಲೆ ಹೊತ್ತು ನಡೆದೇ ಹೋಗುವ ಪದ್ಧತಿ. ದೂರದ ಜಾಗಕ್ಕೆ ಹೊತ್ತುಕೊಂಡು ಹೋಗಿ ಅಂದರೆ ಹೇಗೆ? ಅಬ್ದುಲ್ ಬರ್ನ್ಸ್ ಅನ್ನುವವರು ಮುಂದೆ ನಿಂತು ವಾದ ಮಾಡಿದರು, ಸರ್ಕಾರ ಕೇಳಲಿಲ್ಲ. ಎರಡೇ ದಿನಕ್ಕೆ, 17ನೇ ತಾರೀಕು, ಸುಮಾರು 3000 ಜನ ಒಂದು ಮಗುವಿನ ಶವ ತಂದು ಇಲ್ಲೇ ಮಣ್ಣು ಮಾಡಿದರು. ಪೊಲೀಸರಿದ್ದರು, ಕಲ್ಲು ತೂರಾಟವೂ ಆಯಿತು.

ಒಂದು ಮಗು! ನಾನು ಕ್ಯಾಮೆರಾ ಚೀಲ ಹೊತ್ತು ನಾಲ್ಕು ಸಲ ನಿಂತ ಏರು ಇದು. ಈಗ ಆ ಟ್ಯಾಕ್ಸಿಯವರ ಮೇಲೆ ಕೋಪವಿಲ್ಲ, ನಡೆದು ಬಂದದ್ದೇ ಸರಿ ಅನ್ನಿಸುತ್ತಿದೆ.

ಬ್ಯಾಟರಿ ಕೆಂಪಾಯಿತು, ಇಳಿಯೋಣ. ಕೆಳಗೆ ಡಾರ್ಪ್ ರಸ್ತೆಯಲ್ಲಿ 1794ರ ಅವ್ವಲ್ ಮಸೀದಿ ಇದೆ, ತುವಾನ್ ಗುರು ಅವರ ಕೈಬರಹದ ಕುರಾನ್ ಅಲ್ಲಿದೆ. ಬಾಗಿಲು ಮುಚ್ಚೋದರೊಳಗೆ ಹೋಗಬೇಕು, ಬನ್ನಿ.