ಕೆರೆಯುವ ನಾಯಿ, ಕೆಟ್ಟ ಹೊಟ್ಟೆ, ಒಂದೇ ನೋಟ್‌ಬುಕ್

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯೆ ಅಲ್ಲ. ಹೊಟ್ಟೆ ಸರಿಯಿಲ್ಲದ ಒಂದು ನಾಯಿಯನ್ನು ವರ್ಷಗಟ್ಟಲೆ ಸಾಕಿದವಳು, ಅಷ್ಟೇ. ಅವಳ ಹೆಸರು ಚಿನ್ನು. ಕರುಳಿನಲ್ಲಿ ಉರಿಯೂತ ಇದೆ, ಇದು ಪೂರ್ತಿ ಹೋಗುವಂಥದ್ದಲ್ಲ, ಹಿಡಿತದಲ್ಲಿಡಬೇಕು ಅಂತ ಡಾಕ್ಟರು ಹೇಳಿದಾಗ ಅವಳಿಗೆ 3 ವರ್ಷ. ಭೇದಿ ಒಂದು ಹದಕ್ಕೆ ಬಂತು ಅಂತ ಉಸಿರು ಬಿಡುವಷ್ಟರಲ್ಲಿ ತುರಿಕೆ ಶುರುವಾಯಿತು. ರಾತ್ರಿ 2 ಗಂಟೆಗೆ ಪಾದ ನೆಕ್ಕುವ ಚಪ್ ಚಪ್ ಸದ್ದು ಇದೆಯಲ್ಲ, ಅದನ್ನು ಕೇಳಿ ಎದ್ದು ಕೂತವರೇ ಇವತ್ತು ಇಲ್ಲಿ ಬಂದಿದ್ದೀರಿ ಅಂದುಕೊಂಡಿದ್ದೇನೆ.

ಇಂಥ ನಾಯಿಯ ಕಷ್ಟ ಏನು ಅಂದರೆ, ಚರ್ಮಕ್ಕೆ ಕೊಟ್ಟ ಮಾತ್ರೆ ಹೊಟ್ಟೆ ಕೆಡಿಸುತ್ತದೆ, ಹೊಟ್ಟೆಗೆ ಅಂತ ಊಟ ಬದಲಿಸಿದರೆ ಚರ್ಮ ಕೆಂಪಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಮೊದಲ ವರ್ಷ ನಾನು ಎರಡನ್ನೂ ಬೇರೆ ಬೇರೆ ಕಾಯಿಲೆ ಥರ ನೋಡಿದೆ. ಹೊಟ್ಟೆಗೆ ಒಬ್ಬ ಡಾಕ್ಟರು, ಚರ್ಮಕ್ಕೆ ಇನ್ನೊಬ್ಬರು, ಒಬ್ಬರು ಕೊಟ್ಟಿದ್ದನ್ನು ಇನ್ನೊಬ್ಬರಿಗೆ ನಾನು ಸರಿಯಾಗಿ ಹೇಳಲೂ ಇಲ್ಲ. ಆಮೇಲೆ ಒಂದು ನೋಟ್‌ಬುಕ್ ತೆಗೆದೆ. ಎಡಗಡೆ ಮಲ, ಬಲಗಡೆ ತುರಿಕೆ, ದಿನಕ್ಕೆ ಎರಡೇ ಸಾಲು. ತುರಿಕೆಗೆ 0ರಿಂದ 10ರವರೆಗೆ ಅಂಕ. 0 ಅಂದರೆ ತುರಿಕೆಯೇ ಇಲ್ಲ, 10 ಅಂದರೆ ಊಟ ನಿದ್ದೆ ಬಿಟ್ಟು ಕೆರೆದುಕೊಳ್ಳುವುದು. ಮಲಕ್ಕೆ 1ರಿಂದ 7. 1 ಅಂದರೆ ಕಲ್ಲು, 7 ಅಂದರೆ ನೀರು. ಇಂಥ ಅಳತೆಗಳನ್ನು ಪಶುವೈದ್ಯರೂ ಬಳಸುತ್ತಾರೆ. "ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ" ಅನ್ನೋದಕ್ಕಿಂತ "8 ಇದ್ದದ್ದು 5 ಆಗಿದೆ" ಅಂದರೆ ಅವರಿಗೂ ಕೆಲಸ ಸುಲಭ.

ಹೊಟ್ಟೆ ಕಾಯಿಲೆಯ ನಾಯಿ ಕೆರೆದುಕೊಂಡರೆ ಅದೂ ಹೊಟ್ಟೆಯಿಂದಲೇ ಅಂತ ತೀರ್ಮಾನ ಮಾಡಬೇಡಿ. ಚಿಗಟ ನಿಮ್ಮ ನಾಯಿಯ ಫೈಲ್ ಓದಿಕೊಂಡು ಬರೋದಿಲ್ಲ. ಬಾಲದ ಬುಡ, ಸೊಂಟ, ಹಿಂತೊಡೆಯ ಕಡೆ ಕೆರೆತ ಜಾಸ್ತಿ ಇದ್ದರೆ ಮೊದಲ ಅನುಮಾನ ಅದರ ಮೇಲೇ. ಮೈಮೇಲೆ ಒಂದೂ ಕಾಣದಿರಬಹುದು. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಸಾಕು. ಕಿವಿಯ ಅಂಚು, ಮೊಣಕೈ ಕಡೆ ವಿಪರೀತ ತುರಿಕೆ ಇದ್ದು ಮನೆಯವರಿಗೂ ಮೈ ಕಡಿಯೋಕೆ ಶುರುವಾಗಿದ್ದರೆ ಅದು ಕಜ್ಜಿ ಹುಳ ಇರಬಹುದು. ಇವೆರಡನ್ನೂ ಮೊದಲು ಪಟ್ಟಿಯಿಂದ ಹೊಡೆದುಹಾಕಿ. ಸುಲಭದ್ದು, ಆದರೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಹಿಂಭಾಗವನ್ನು ನೆಲಕ್ಕೆ ಉಜ್ಜುವುದು ಮಾತ್ರ ನಮ್ಮಂಥ ನಾಯಿಗಳಲ್ಲಿ ಬೇರೆಯೇ ಕಥೆ. ಗುದದ ಎರಡೂ ಪಕ್ಕ ಎರಡು ಪುಟ್ಟ ಚೀಲಗಳಿರುತ್ತವೆ. ಮಲ ಗಟ್ಟಿಯಾಗಿ ಹೊರಗೆ ಬರುವಾಗ ಒತ್ತಡಕ್ಕೆ ಅವು ಖಾಲಿಯಾಗುತ್ತವೆ. ತಿಂಗಳಾನುಗಟ್ಟಲೆ ಮಲ ಸಡಿಲವಿದ್ದರೆ ಒತ್ತಡವೇ ಬೀಳೋದಿಲ್ಲ, ಚೀಲ ತುಂಬಿಕೊಂಡು ಕಿರಿಕಿರಿ ಆಗುತ್ತದೆ. ಅದಕ್ಕೆ ಅಲರ್ಜಿ ಮಾತ್ರೆ ಕೊಟ್ಟರೆ ಏನು ಪ್ರಯೋಜನ? ಚೀಲ ಖಾಲಿ ಮಾಡಿಸಬೇಕು, ಮಲ ಗಟ್ಟಿ ಮಾಡಬೇಕು.

ಈಗ ಊಟಕ್ಕೆ ಬರೋಣ. ಚರ್ಮ, ಕರುಳು ಎರಡೂ ಒಂದೇ ಕಡೆ ಸೇರುವ ಜಾಗ ಇದು. ಆಹಾರದ ಅಲರ್ಜಿ ಕೆಲವು ನಾಯಿಗಳಲ್ಲಿ ತುರಿಕೆಯಾಗಿ, ಕೆಲವದರಲ್ಲಿ ವಾಂತಿ ಭೇದಿಯಾಗಿ, ಕೆಲವದರಲ್ಲಿ ಎರಡೂ ಆಗಿ ಕಾಣಿಸುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. "ಅದನ್ನೇ ವರ್ಷಗಟ್ಟಲೆ ತಿಂದಿದೆ, ಈಗೇನು ಹೊಸದಾಗಿ ಅಲರ್ಜಿ" ಅಂತ ಕೇಳ್ತಾರೆ. ತಿಂದು ತಿಂದೇ ಅಲರ್ಜಿ ಬರೋದು. ರಕ್ತ, ಎಂಜಲು, ಕೂದಲು ಕಳಿಸಿ ಯಾವ ಊಟಕ್ಕೆ ಅಲರ್ಜಿ ಅಂತ ಕಂಡುಹಿಡಿಯುವ ಪರೀಕ್ಷೆಗಳನ್ನು ನಂಬಿ ಊಟ ಬದಲಿಸಬೇಡಿ, ಅವು ಭರವಸೆಯವಲ್ಲ. ಇದಕ್ಕೆ ಇರುವ ದಾರಿ ಪಥ್ಯ ಒಂದೇ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನ್ ಇರುವ ಊಟ, ಇಲ್ಲವೇ ಪ್ರೋಟೀನನ್ನು ದೇಹ ಗುರುತು ಹಿಡಿಯಲಾರದಷ್ಟು ಸಣ್ಣ ಚೂರು ಮಾಡಿದ ಹೈಡ್ರೊಲೈಸ್ಡ್ ಊಟ. ಅದು ಬಿಟ್ಟು ಬೇರೇನೂ ಇಲ್ಲ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಊಟ ಹೊಂದಿಕೊಂಡರೆ ಹೊಟ್ಟೆ ಸಾಮಾನ್ಯವಾಗಿ 2 ವಾರದಲ್ಲಿ ಉತ್ತರ ಹೇಳುತ್ತದೆ. ಚರ್ಮಕ್ಕೆ 8 ವಾರ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಮೂರನೇ ವಾರ ಮಲ ಚೆನ್ನಾಗಿದೆ, ತುರಿಕೆ ಹಾಗೇ ಇದೆ, "ಸರಿ, ತುರಿಕೆ ಊಟದ್ದಲ್ಲ" ಅಂತ ಪಥ್ಯ ಮುರಿದುಬಿಡುತ್ತೇವೆ. ನಾನೂ ಅದನ್ನೇ ಮಾಡಿದೆ. ಎರಡನೇ ಸಲ ಹಲ್ಲು ಕಚ್ಚಿಕೊಂಡು ಕೂತೆ. ಆರನೇ ವಾರ ಜಂತುಹುಳದ ಮಾತ್ರೆ ಕೊಟ್ಟೆ. ಮಾಂಸದ ರುಚಿಯ ಮಾತ್ರೆ, ಅವಳು ಬಾಲ ಅಲ್ಲಾಡಿಸಿಕೊಂಡು ತಿಂದಳು. ಮೂರು ದಿನದಲ್ಲಿ 4 ಇದ್ದ ತುರಿಕೆ 8ಕ್ಕೆ ಹೋಯಿತು. ರುಚಿ ಸೇರಿಸಿದ ಮಾತ್ರೆ, ನಾಯಿಯ ಟೂತ್‌ಪೇಸ್ಟ್, ಮಾತ್ರೆ ಸುತ್ತಿ ಕೊಡುವ ತಿಂಡಿ, ಮಗು ಊಟ ಮಾಡುವಾಗ ಮೇಜಿನ ಕೆಳಗೆ ಬೀಳುವ ಚೂರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೇದೋಜೀರಕ ಗ್ರಂಥಿ ಕೆಲಸ ಮಾಡದ ನಾಯಿಗೆ ಊಟದ ಮೇಲೆ ಉದುರಿಸುವ ಎನ್‌ಜೈಮ್ ಪುಡಿ ಕೊಡುತ್ತಾರಲ್ಲ, ಅದನ್ನು ಹೆಚ್ಚಾಗಿ ಹಂದಿಯಿಂದ ತೆಗೆದಿರುತ್ತಾರೆ. ಪುಡಿ ನಿಲ್ಲಿಸುವ ಹಾಗಿಲ್ಲ, ಆದರೆ ಪಥ್ಯದ ಊಟ ಆರಿಸುವಾಗ ಇದು ಡಾಕ್ಟರ ತಲೆಯಲ್ಲಿರಬೇಕು.

ಊಟ ಬದಲಿಸುವುದು ಒಂದೇ ದಿನದಲ್ಲಿ ಬೇಡ. ವಾರ, ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಹೋಗಿ. ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆದ ನಾಯಿ, ಕೊಬ್ಬು ತಡೆಯದ ನಾಯಿ ಆಗಿದ್ದರೆ ಅಲರ್ಜಿಗೆ ಒಳ್ಳೆಯದು ಅಂತ ತಂದ ಊಟದಲ್ಲಿ ಕೊಬ್ಬು ಎಷ್ಟಿದೆ ಅಂತ ಮೊದಲು ಓದಿ. ಪಥ್ಯದಲ್ಲಿ ತುರಿಕೆ ಕಮ್ಮಿಯಾದರೂ ಪರೀಕ್ಷೆ ಅರ್ಧವೇ ಮುಗಿದಿರುತ್ತದೆ. ಹಳೆಯ ಊಟ ಮತ್ತೆ ಕೊಟ್ಟಾಗ ತುರಿಕೆ ವಾಪಸ್ ಬಂದರೆ ಮಾತ್ರ ಸಾಬೀತು. ಹೊಟ್ಟೆ ತೀರಾ ನಾಜೂಕಿದ್ದರೆ ಈ ಭಾಗವನ್ನು ಡಾಕ್ಟರ ಜೊತೆ ಕೂತು ಯೋಚಿಸಿ, ಸಾಹಸ ಬೇಡ. ಚಿನ್ನುವಿನ ವಿಷಯದಲ್ಲಿ ಊಟ ಬದಲಿಸಿದ ಮೇಲೆ ತುರಿಕೆ 8ರಿಂದ 4ಕ್ಕೆ ಇಳಿಯಿತು, ಸೊನ್ನೆಗಲ್ಲ. ಉಳಿದದ್ದು ಧೂಳು, ಹೂವಿನ ಪರಾಗದ ಅಲರ್ಜಿ. ಎರಡೂ ಒಟ್ಟಿಗೆ ಇರುವ ನಾಯಿಗಳು ಬೇಕಾದಷ್ಟಿವೆ.

ಆ ಉಳಿದ 4ಕ್ಕೆ ಏನು ಮಾಡೋದು? ನನ್ನ ನಿಯಮ ಇದು: ಬಾಯಿಯ ಮೂಲಕ ಹೋಗದ ಔಷಧಿ ಮೊದಲು. ಸ್ನಾನವನ್ನು ಜನ ಕೇವಲವಾಗಿ ನೋಡುತ್ತಾರೆ. ಕೆರೆದ ಚರ್ಮದಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆದರೆ ಅದೇ ಇನ್ನಷ್ಟು ತುರಿಕೆ ಎಬ್ಬಿಸುತ್ತದೆ. ಜಿಡ್ಡು, ಹಳಸಿದ ವಾಸನೆ, ಕಪ್ಪಾಗಿ ದಪ್ಪಗಾದ ಚರ್ಮ ಕಂಡರೆ ಯೀಸ್ಟ್ ಇರಬಹುದು. ಡಾಕ್ಟರು ಚರ್ಮಕ್ಕೆ ಒಂದು ಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಾರೆ. ಆಗ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ಇರುವ ಶಾಂಪೂ, ವಾರಕ್ಕೆ ಎರಡು ಸಲ, ಉಗುರುಬೆಚ್ಚಗಿನ ನೀರು. ಹಚ್ಚಿ 10 ನಿಮಿಷ ಬಿಡಬೇಕು. ಗಡಿಯಾರ ನೋಡಿ 10 ನಿಮಿಷ, ಯಾಕೆಂದರೆ ಒದ್ದೆ ನಾಯಿ ಹಿಡಿದುಕೊಂಡವರಿಗೆ 3 ನಿಮಿಷವೇ ಅರ್ಧ ಗಂಟೆ ಅನ್ನಿಸುತ್ತದೆ. ಇದರಿಂದಲೇ ಎಷ್ಟೋ ಸಲ ಆಂಟಿಬಯಾಟಿಕ್ ಮಾತ್ರೆ ತಪ್ಪುತ್ತದೆ. ಅದು ತಪ್ಪಿದರೆ ಹೊಟ್ಟೆಗೆ ಎಷ್ಟು ಲಾಭ ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?

ಔಷಧಿಗಳಲ್ಲಿ ಲೋಕಿವೆಟ್‌ಮ್ಯಾಬ್ ಅನ್ನುವ ಇಂಜೆಕ್ಷನ್ ಇದೆ. ತುರಿಕೆಯ ಸಂದೇಶ ಒಯ್ಯುವ ಐಎಲ್-31 ಅನ್ನುವ ಒಂದೇ ಅಂಶವನ್ನು ಅದು ಹಿಡಿದುಹಾಕುತ್ತದೆ, 4ರಿಂದ 8 ವಾರ ನಿಲ್ಲುತ್ತದೆ, ಕರುಳಿನ ದಾರಿ ತುಳಿಯುವುದೇ ಇಲ್ಲ. ಎಲ್ಲ ನಾಯಿಗೂ ಹಿಡಿಸುವುದಿಲ್ಲ, ಚಿನ್ನುಗೆ ಹಿಡಿಸಿತು. ಓಕ್ಲಾಸಿಟಿನಿಬ್ ಮಾತ್ರೆ ಒಂದೇ ದಿನದಲ್ಲಿ ತುರಿಕೆ ತಗ್ಗಿಸಬಲ್ಲದು, ಆದರೆ ಅದರ ಅಡ್ಡಪರಿಣಾಮಗಳಲ್ಲಿ ವಾಂತಿ ಭೇದಿಯೂ ಇವೆ. ಸೈಕ್ಲೋಸ್ಪೊರಿನ್ ಇನ್ನೂ ಜಾಸ್ತಿ ಹೊಟ್ಟೆ ಕೆಡಿಸುತ್ತದೆ, ಫಲ ಕಾಣೋಕೆ 4ರಿಂದ 6 ವಾರ ಬೇಕು. ಇವು ಕೆಟ್ಟ ಔಷಧಿಗಳಲ್ಲ. ಭೇದಿ ಬಂದಾಗ ಅದು ಹಳೆಯ ಕಾಯಿಲೆಯೋ ಹೊಸ ಮಾತ್ರೆಯೋ ಅಂತ ಗೊತ್ತಾಗಬೇಕಾದರೆ ಎರಡು ವಾರ ಬೇರೆ ಏನನ್ನೂ ಬದಲಿಸದೆ ಇರಬೇಕು, ಅಷ್ಟೇ. ಒಂದು ಸಲಕ್ಕೆ ಒಂದೇ ಬದಲಾವಣೆ. ಕರುಳಿಗೆ ಅಂತ ಈಗಾಗಲೇ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನಡೆಯುತ್ತಿದ್ದರೆ ಎಲ್ಲಾ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಪ್ರೆಡ್ನಿಸೋಲೋನ್ ಬಗ್ಗೆ ಒಂದು ಮಾತು. ಈ ಸ್ಟೀರಾಯ್ಡ್ ಕರುಳಿಗೂ ಕೊಡುತ್ತಾರೆ, ತುರಿಕೆಗೂ ಕೊಡುತ್ತಾರೆ. ಕರುಳಿಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ದೊಡ್ಡದು. ಅದು ನಡೆಯುವಷ್ಟು ದಿನ ತುರಿಕೆ ಅದರ ಕೆಳಗೆ ಮಲಗಿರುತ್ತದೆ. ಹೊಟ್ಟೆ ಸುಧಾರಿಸಿತು ಅಂತ ಪ್ರಮಾಣ ಇಳಿಸುತ್ತಾ ಬಂದಾಗ ತುರಿಕೆ ಎದ್ದು ಕೂರುತ್ತದೆ. ಆಗ ನಾವು ಹೊಸ ಊಟವನ್ನು ಬೈಯುತ್ತೇವೆ, ಹೊಸ ಶಾಂಪೂವನ್ನು ಬೈಯುತ್ತೇವೆ. ನೋಟ್‌ಬುಕ್ಕಿನಲ್ಲಿ ಮಾತ್ರೆಯ ಪ್ರಮಾಣವನ್ನೂ ಬರೆದಿಟ್ಟಿದ್ದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇದನ್ನು ಥಟ್ಟನೆ ನಿಲ್ಲಿಸಬಾರದು, ನೋವಿನ ಮಾತ್ರೆಗಳ ಜೊತೆ ನೀವೇ ಸೇರಿಸಿ ಕೊಡಲೂಬಾರದು. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಮೀನೆಣ್ಣೆ ಚರ್ಮಕ್ಕೆ ಒಳ್ಳೆಯದು ನಿಜ, ಆದರೆ ಅದೂ ಕೊಬ್ಬೇ. ಹನಿ ಹನಿಯಾಗಿ ಶುರು ಮಾಡಿ, ಕೊಬ್ಬು ತಡೆಯದ ನಾಯಿಗೆ ಕೇಳದೆ ಕೊಡಬೇಡಿ. ಮೈಗೆ ಕೊಬ್ಬರಿ ಎಣ್ಣೆ ಸವರಿದರೆ ನಾಯಿ ಅದನ್ನು ನೆಕ್ಕಿ ಮುಗಿಸುತ್ತದೆ, ಮಾರನೇ ದಿನ ಎಡಗಡೆಯ ಪುಟದಲ್ಲಿ 6 ಬರೆಯುತ್ತೀರಿ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಜಿಂಕ್ ಇರುವ ಮನುಷ್ಯರ ಕ್ರೀಮು ನೆಕ್ಕಿದರೂ ಅಪಾಯ.

ಮಲ ಕಪ್ಪಗೆ ಡಾಂಬರಿನಂತಾದರೆ, ತೂಕ ಇಳಿಯುತ್ತಾ ಹೊಟ್ಟೆಯೋ ಕಾಲೋ ಊದಿಕೊಂಡರೆ, ಕೆರೆದ ಜಾಗ ರಾತ್ರೋರಾತ್ರಿ ಒದ್ದೆಯಾಗಿ ಕೀವು ಕಟ್ಟಿದರೆ ನೋಟ್‌ಬುಕ್ ಮುಚ್ಚಿ, ಗಾಡಿ ತೆಗೆಯಿರಿ.

ಚಿನ್ನುವಿನ ಪುಸ್ತಕ ಆ ಮೇಜಿನ ಮೇಲಿದೆ, ಬೇಕಾದವರು ತಿರುವಿ ನೋಡಿ. ಎರಡನೇ ಪಥ್ಯದ ಆರನೇ ವಾರದ ಪುಟದಲ್ಲಿ ಒಂದಷ್ಟು ಬೈಗುಳ ಇದೆ. ಅದು ನಾಯಿಗಲ್ಲ, ನನಗೇ.